ಸಂಶೋಧನಾ ಪತ್ರಿಕೆಗಳ ಪ್ರಕಟಣಾ ನೀತಿ

ಸಂಶೋಧನಾ ಲೇಖನಗಳ ರಚನೆ, ಪರಿಶೀಲನೆ, ಪ್ರಕಟಣೆ ಮತ್ತು ತಿದ್ದುಪಡಿಗಳಲ್ಲಿ ಲೇಖಕರು, ಸಂಪಾದಕರು, ವಿಮರ್ಶಕರು ಹಾಗೂ ಪ್ರಕಾಶಕರು ಪಾಲಿಸಬೇಕಾದ ನಿಯಮಗಳ ಸಮೂಹವನ್ನು ಪ್ರಕಟಣಾ ನೀತಿ ಎನ್ನುತ್ತಾರೆ. ಕೃತಿಚೌರ್ಯ, ದತ್ತಾಂಶಗಳ ಸೃಷ್ಟಿ ಅಥವಾ ತಿರುಚುವಿಕೆ, ಕೆಲಸ ಮಾಡದವರ ಹೆಸರನ್ನು ಲೇಖಕರ ಸಾಲಿಗೆ ಸೇರಿಸುವುದು, ಒಂದೇ ಲೇಖನವನ್ನು ಎರಡು ಕಡೆ ಪ್ರಕಟಿಸುವುದು ಇವು ಈ ನೀತಿಯ ಪ್ರಮುಖ ಉಲ್ಲಂಘನೆಗಳು. ಒಬ್ಬರು ಪ್ರಕಟಿಸಿದ ಫಲಿತಾಂಶವನ್ನು ನಂಬಿ ಮತ್ತೊಬ್ಬರು ಮುಂದಿನ ಕೆಲಸ ಕೈಗೊಳ್ಳುವುದರಿಂದ ಒಂದು ಸುಳ್ಳು ಲೇಖನದ ಹಾನಿ ಅದರ ಲೇಖಕನಿಗಷ್ಟೇ ಸೀಮಿತವಾಗುವುದಿಲ್ಲ.

ಹಿನ್ನೆಲೆ

ಲಂಡನ್ನಿನ ರಾಯಲ್ ಸೊಸೈಟಿಯ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ 1665ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿಯೂ ಈ ಪರಂಪರೆ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ ಮತ್ತು ‘ಪ್ರಬುದ್ಧ ಕರ್ಣಾಟಕ’ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಿಂದ ಕನ್ನಡದಲ್ಲಿ ವಿದ್ವತ್ ಲೇಖನಗಳಿಗೆ ನೆಲೆಯಾದವು. ವಿಜ್ಞಾನ ಪತ್ರಿಕೆ ‘ಕರೆಂಟ್ ಸೈನ್ಸ್’ 1932ರಲ್ಲಿ ಬೆಂಗಳೂರಿನಿಂದ ಹೊರಬಂದಿತು. ಪತ್ರಿಕೆಗಳು ಕೆಲವೇ ಇದ್ದು ಬರೆಯುವವರೂ ಓದುವವರೂ ಪರಸ್ಪರ ಪರಿಚಿತರಾಗಿದ್ದ ಕಾಲದಲ್ಲಿ ಸಂಪಾದಕರ ವಿದ್ವತ್ತು ಮತ್ತು ದಾಕ್ಷಿಣ್ಯವಿಲ್ಲದ ನಿಷ್ಠುರತೆಯೇ ನಿಯಮವಾಗಿತ್ತು. ಪತ್ರಿಕೆಗಳು ಸಾವಿರಗಟ್ಟಲೆಯಾದ ಮೇಲೆ ಲಿಖಿತ ನಿಯಮಗಳು ಅನಿವಾರ್ಯವಾದವು. ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು 1997ರಲ್ಲಿ ಸ್ಥಾಪಿಸಿದ ಪ್ರಕಟಣಾ ನೀತಿ ಸಮಿತಿಯ (ಕೋಪ್) ಮಾರ್ಗಸೂಚಿಗಳನ್ನು ಇಂದು ಅನೇಕ ದೇಶಗಳ ಪತ್ರಿಕೆಗಳು ಅನುಸರಿಸುತ್ತವೆ.

ಹಣಕ್ಕಾಗಿ ಪ್ರಕಟಿಸುವ ಪತ್ರಿಕೆಗಳು

ಲೇಖಕರಿಂದ ಶುಲ್ಕ ಪಡೆದು, ಪರಿಣತರ ವಿಮರ್ಶೆ ನಡೆಸದೆಯೇ ನಡೆಸಿದಂತೆ ತೋರಿಸಿ ಪ್ರಕಟಿಸುವ ಪತ್ರಿಕೆಗಳನ್ನು ಅಮೆರಿಕದ ಗ್ರಂಥಪಾಲಕ ಜೆಫ್ರಿ ಬೀಲ್ ‘ಬೇಟೆಗಾರ’ ಪತ್ರಿಕೆಗಳೆಂದು ಕರೆದರು. ಶುಲ್ಕ ಪಡೆಯುವುದೇ ದೋಷವಲ್ಲ; ಗೌರವಾನ್ವಿತ ಮುಕ್ತ ಪತ್ರಿಕೆಗಳೂ ಶುಲ್ಕ ಪಡೆಯುತ್ತವೆ. ವಿಮರ್ಶೆಯ ಹೆಸರಿನಲ್ಲಿ ನಡೆಯುವ ವಂಚನೆ ಇಲ್ಲಿಯ ದೋಷ. ಹೈದರಾಬಾದಿನ ಓಮಿಕ್ಸ್ ಸಂಸ್ಥೆಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಮೊಕದ್ದಮೆಯಲ್ಲಿ ಅಲ್ಲಿಯ ನ್ಯಾಯಾಲಯವು 2019ರಲ್ಲಿ 5 ಕೋಟಿ ಡಾಲರಿಗೂ ಹೆಚ್ಚಿನ ಮೊತ್ತ ಪಾವತಿಸುವಂತೆ ಆದೇಶಿಸಿತು.

ಭಾರತದಲ್ಲಿ ಈ ವ್ಯಾಪಾರ ಬೆಳೆಯಲು ನಿಯಮಗಳೇ ಒಂದು ಕಾರಣವಾದವು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಅಧ್ಯಾಪಕರ ಬಡ್ತಿಗೆ ಲೇಖನಗಳ ಸಂಖ್ಯೆ ಆಧಾರವಾಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2016ರ ನಿಯಮಾವಳಿಯು ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನವಾದರೂ ಪ್ರಕಟವಾಗಿರಬೇಕೆಂದು ವಿಧಿಸಿತು. ಪದವಿ ತರಗತಿಗಳ ಪಾಠದಲ್ಲೇ ದಿನ ಕಳೆಯುವ, ಪ್ರಯೋಗಾಲಯವಾಗಲಿ ದೊಡ್ಡ ಗ್ರಂಥಾಲಯವಾಗಲಿ ಹತ್ತಿರವಿಲ್ಲದ ತಾಲ್ಲೂಕು ಕೇಂದ್ರದ ಅಧ್ಯಾಪಕನಿಗೂ ಮಹಾನಗರದ ಸಂಶೋಧಕನಿಗೂ ಲೆಕ್ಕ ಒಂದೇ ಆದಾಗ ಹಣ ಕೊಟ್ಟು ಪ್ರಕಟಿಸುವ ದಾರಿ ಸುಲಭವಾಗಿ ಕಂಡಿತು. ಆಯೋಗದ ಅನುಮೋದಿತ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಸೇರಿದ್ದ ಪತ್ರಿಕೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿಯೇ ಪ್ರಕಟವಾಯಿತು. ಇವುಗಳಲ್ಲಿ ಪ್ರಮುಖ ಸೂಚಿಗಳಿಗೆ ಸೇರದವುಗಳ ಪೈಕಿ ಶೇ. 88ಕ್ಕೂ ಹೆಚ್ಚಿನವು ಕಳಪೆ ಗುಣಮಟ್ಟದವಾಗಿರಬಹುದೆಂದು ಅದು ತಿಳಿಸಿತು. ಅದೇ ವರ್ಷ ಆಯೋಗವು 4,000ಕ್ಕೂ ಹೆಚ್ಚು ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. 2019ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂದು, 2025ರಲ್ಲಿ ಅದನ್ನೂ ಕೈಬಿಡಲಾಯಿತು. ಪಿಎಚ್.ಡಿ.ಗೆ ಪ್ರಕಟಣೆಯ ಕಡ್ಡಾಯವು 2022ರ ನಿಯಮಾವಳಿಯಲ್ಲಿ ಇಲ್ಲ. ಈಗ ಪತ್ರಿಕೆಯ ಯೋಗ್ಯತೆಯನ್ನು ಅಳೆಯುವ ಹೊಣೆ ಸಂಸ್ಥೆಗಳ ಮೇಲೆಯೇ ಬಿದ್ದಿದೆ.

ಕೃತಿಚೌರ್ಯದ ನಿಯಮ

ಆಯೋಗದ 2018ರ ನಿಯಮಾವಳಿಯು ಪಠ್ಯಸಾಮ್ಯವನ್ನು ಶೇಕಡಾವಾರು ವಿಂಗಡಿಸುತ್ತದೆ. ಶೇ. 10ರವರೆಗೆ ದಂಡನೆಯಿಲ್ಲ. ಮಹಾಪ್ರಬಂಧದಲ್ಲಿ ಶೇ. 10ರಿಂದ 40ರವರೆಗೆ ಸಾಮ್ಯವಿದ್ದರೆ 6 ತಿಂಗಳಿಗೆ ಮೀರದ ಅವಧಿಯೊಳಗೆ ತಿದ್ದಿ ಸಲ್ಲಿಸಬೇಕು, ಶೇ. 40ರಿಂದ 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಮೂಲವನ್ನು ಹೆಸರಿಸಿ ಉದ್ಧರಿಸಿದ ಭಾಗ, ಗ್ರಂಥಸೂಚಿ ಮುಂತಾದವು ಈ ಲೆಕ್ಕಕ್ಕೆ ಸೇರುವುದಿಲ್ಲ.

ಈ ಅಳತೆ ಕನ್ನಡದ ಸಂಶೋಧನೆಗೆ ಅರ್ಧ ಮಾತ್ರ ಉಪಯುಕ್ತ. ತಂತ್ರಾಂಶವು ತನ್ನ ಸಂಗ್ರಹದಲ್ಲಿರುವ ಪಠ್ಯದೊಂದಿಗೆ ಮಾತ್ರ ಹೋಲಿಸಬಲ್ಲದು; ಅಚ್ಚಿನಲ್ಲಷ್ಟೇ ಉಳಿದ ಹಳೆಯ ಪುಸ್ತಕಗಳು ಅದಕ್ಕೆ ಕಾಣಿಸುವುದಿಲ್ಲ. ಇಂಗ್ಲಿಷಿನಿಂದ ಅನುವಾದಿಸಿ ಸ್ವಂತದ್ದೆಂದು ಬರೆದುದೂ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಇನ್ನೊಂದು ದೋಷವಂತೂ ಶೇಕಡಾವಾರು ಲೆಕ್ಕಕ್ಕೇ ಬರುವುದಿಲ್ಲ. ನ್ಯಾಮತಿ ಈಗ ಪ್ರತ್ಯೇಕ ತಾಲ್ಲೂಕಾಗಿದ್ದರೂ ಹಿಂದೆ ಹೊನ್ನಾಳಿಗೆ ಸೇರಿತ್ತು. ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ ತಾಲ್ಲೂಕುವಾರು ಸಂಖ್ಯೆಯೊಂದಿಗೆ ಪ್ರಕಟಿಸಿದರು. ಆ ಸಂಪುಟವನ್ನು ತೆರೆಯದೆ, ಬೇರೊಬ್ಬರ ಪ್ರಬಂಧದಿಂದ ಶಾಸನಪಾಠವನ್ನೂ ಸಂಖ್ಯೆಯನ್ನೂ ಎತ್ತಿಕೊಂಡು ರೈಸ್ ಅವರ ಹೆಸರನ್ನಷ್ಟೇ ಅಡಿಟಿಪ್ಪಣಿಯಲ್ಲಿ ಕೊಟ್ಟರೆ ಕಣ್ಣಿಗೆ ಎಲ್ಲವೂ ಕ್ರಮಬದ್ಧ. ಆದರೆ ಮಧ್ಯದವರು ಒಂದು ಅಂಕಿಯನ್ನು ತಪ್ಪಾಗಿ ಬರೆದಿದ್ದರೆ ಆ ತಪ್ಪು ರೈಸ್ ಅವರ ಹೆಸರಿನಲ್ಲಿ ಲೇಖನದಿಂದ ಲೇಖನಕ್ಕೆ ಸಾಗುತ್ತದೆ. ನೋಡದ ಮೂಲವನ್ನು ನೋಡಿದಂತೆ ತೋರಿಸದೆ, ಇಂಥವರ ಕೃತಿಯಲ್ಲಿ ಉಲ್ಲೇಖಿತ ಎಂದು ಬರೆಯುವುದು ಸರಿಯಾದ ಕ್ರಮ.

ತಿದ್ದುಪಡಿ ಮತ್ತು ಹಿಂಪಡೆಯುವಿಕೆ

ದೋಷ ಕಂಡಾಗ ಪತ್ರಿಕೆಗಳು ತಿದ್ದುಪಡಿ ಪ್ರಕಟಿಸುತ್ತವೆ ಅಥವಾ ಲೇಖನವನ್ನು ಹಿಂಪಡೆಯುತ್ತವೆ. ಹಿಂಪಡೆದ ಲೇಖನವನ್ನು ಸಾಮಾನ್ಯವಾಗಿ ಅಳಿಸುವುದಿಲ್ಲ. ಹಿಂಪಡೆದ ಗುರುತಿನೊಂದಿಗೆ ಅದು ಉಳಿಯುತ್ತದೆ. ಬೆಂಗಳೂರಿನ ಎರಡು ಪ್ರಕರಣಗಳು ಈ ವ್ಯತ್ಯಾಸವನ್ನು ತೋರಿಸುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2011ರಲ್ಲಿ ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಕೆಲವು ವಾಕ್ಯಗಳು ಬೇರೊಂದು ಲೇಖನದವೆಂದು ಗೊತ್ತಾದಾಗ ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಯಾಚಿಸಿದರು, ಲೇಖನವನ್ನು ಹಿಂಪಡೆಯಲಿಲ್ಲ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಪ್ರಯೋಗಾಲಯವೊಂದು ಬ್ಯಾಕ್ಟೀರಿಯಾಗಳು ಕಬ್ಬಿಣದ ಅಂಶವನ್ನು ಗ್ರಹಿಸುವ ಬಗೆಯನ್ನು ಕುರಿತು 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಪ್ರಕಟಿಸಿದ ಲೇಖನದ ಸಂಗತಿ ಬೇರೆ. ಅದರ ಚಿತ್ರಗಳಲ್ಲಿ ಪುನರಾವರ್ತನೆಯಿರುವುದನ್ನು ಓದುಗರು ‘ಪಬ್‌ಪಿಯರ್’ ಜಾಲತಾಣದಲ್ಲಿ ಎತ್ತಿ ತೋರಿಸಿದರು. ಸಂಸ್ಥೆ ತನಿಖೆ ನಡೆಸಿತು. 2021ರಲ್ಲಿ ಲೇಖನವನ್ನು ಹಿಂಪಡೆಯಲಾಯಿತು. ಮೊದಲನೆಯದರಲ್ಲಿ ಎರವಲಾದದ್ದು ವಾಕ್ಯ, ಎರಡನೆಯದರಲ್ಲಿ ಕೆಟ್ಟದ್ದು ಸಾಕ್ಷ್ಯ. ಪ್ರಕಟಣೆಗೆ ಮುನ್ನ ಲೇಖನವನ್ನು ಪರಿಶೀಲಿಸಿದ್ದ ವಿಮರ್ಶಕರಿಗೆ ಕಾಣದ್ದು ಇಲ್ಲಿ ಪ್ರಕಟಣೆಯ ನಂತರ ಓದುಗರಿಗೆ ಕಂಡಿತೆಂಬುದು ಗಮನಾರ್ಹ.

ಒಂದು ಲೇಖನವನ್ನು ಉಲ್ಲೇಖಿಸುವ ಮುನ್ನ ಅದನ್ನು ಹಿಂಪಡೆಯಲಾಗಿದೆಯೇ ಎಂದು ತಿಳಿಯಲು ಪತ್ರಿಕೆಯ ಅಧಿಕೃತ ಜಾಲತಾಣದಲ್ಲಿರುವ ಲೇಖನದ ಪುಟವನ್ನೇ ನೋಡಬೇಕು. ಗಣಕಯಂತ್ರದಲ್ಲಿ ಹಿಂದೆಯೇ ಉಳಿಸಿಕೊಂಡ ಪಿಡಿಎಫ್ ಪ್ರತಿಯಲ್ಲಿ ಆ ಗುರುತು ಇರುವುದಿಲ್ಲ.