ಬಗ್ಗಿದರೆ ಬೆನ್ನು ಮುರಿಯುತ್ತದೆಯೇ?

ನಮ್ಮ ದೊಡ್ಡಮ್ಮ ನೆಲಕ್ಕೆ ಬಿದ್ದ ಚಮಚವನ್ನು ಕಾಲ್ಬೆರಳ ಸಂದಿಯಲ್ಲಿ ಹಿಡಿದೆತ್ತಿ ಕೈಗೆ ದಾಟಿಸಿಕೊಳ್ಳುತ್ತಿದ್ದರು. ‘ಬಗ್ಗಬೇಡಿ, ಭಾರ ಎತ್ತಬೇಡಿ’ ಎಂದು ಯಾರೋ ಹೇಳಿದ್ದನ್ನು ನಾಲ್ಕು ವರ್ಷ ವ್ರತದಂತೆ ಪಾಲಿಸಿದರು. ಸೊಂಟಕ್ಕೆ ಬೆಲ್ಟ್, ಮಲಗಲು ಹಲಗೆ. ನೋವು ಮಾತ್ರ ಇದ್ದಲ್ಲೇ ಇತ್ತು.

ಸೊಂಟ ನೋವಿಗೆ ವಿಶ್ರಾಂತಿಯೇ ಮದ್ದೆಂದು ಒಂದು ಕಾಲಕ್ಕೆ ವೈದ್ಯರೂ ನಂಬಿದ್ದರು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನ ಆ ನಂಬಿಕೆಗೆ ಒಳ್ಳೆಯ ಪೆಟ್ಟು ಕೊಟ್ಟಿತು. ಹೊಸದಾಗಿ ಸೊಂಟ ಹಿಡಿದುಕೊಂಡವರಲ್ಲಿ ಕೆಲವರಿಗೆ ಎರಡು ದಿನ ಹಾಸಿಗೆ, ಕೆಲವರಿಗೆ ಬೆನ್ನಿನ ವ್ಯಾಯಾಮ, ಉಳಿದವರಿಗೆ ‘ಆದಷ್ಟು ಎಂದಿನಂತೆ ಓಡಾಡಿಕೊಂಡಿರಿ’ ಎಂಬ ಸಲಹೆ. ಓಡಾಡಿದವರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು, ಮಲಗಿದವರು ಎಲ್ಲರಿಗಿಂತ ನಿಧಾನ. ನೋವು ಹೊಸದಾಗಿದ್ದಾಗ ಬೆನ್ನಿಗೆಂದೇ ವ್ಯಾಯಾಮ ಬೇಕಿಲ್ಲ ಅನ್ನುವುದೂ ಇದರಲ್ಲೇ ಇದೆ.

ಮೂರು ತಿಂಗಳು ದಾಟಿದ ನೋವಿನ ಲೆಕ್ಕ ಬೇರೆ. ಅಷ್ಟರಲ್ಲಿ ಸ್ನಾಯುಗಳು ಸೊರಗಿರುತ್ತವೆ, ಮನಸ್ಸು ಹೆದರಿರುತ್ತದೆ, ನರಗಳು ಸಣ್ಣ ಸೆಳೆತಕ್ಕೂ ಬೊಬ್ಬೆ ಹಾಕುತ್ತವೆ. ನೋವಾಯಿತೆಂದರೆ ಒಳಗೇನೋ ಹರಿಯಿತು ಎಂದೇ ಅರ್ಥವಲ್ಲ. ಇಂಥ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವ್ಯಾಯಾಮಕ್ಕೆ ಜಾಗವಿದೆ, ಬೆಲ್ಟಿಗೂ ಟ್ರ್ಯಾಕ್ಷನ್ನಿಗೂ ಇಲ್ಲ.

ಹಲಗೆಯ ಕಥೆಯೂ ಅಷ್ಟೆ. 2003ರ ಸ್ಪೇನಿನ ಪರೀಕ್ಷೆಯೊಂದರಲ್ಲಿ ಬಹಳ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಹೆಚ್ಚು ಆರಾಮ ಕೊಟ್ಟಿತು.

ದೊಡ್ಡಮ್ಮನ ಭಯದ ಬೇರು ಇದ್ದದ್ದು ಎಂಆರ್‌ಐ ವರದಿಯಲ್ಲಿ. ಬಂದವರಿಗೆಲ್ಲ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ‘ಡಿಸ್ಕ್ ಜರುಗಿದೆ ನೋಡು’ ಎನ್ನುತ್ತಿದ್ದರು. ಡಿಸ್ಕು ಮೇಲಿನ, ಕೆಳಗಿನ ಮೂಳೆಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದು ಉಬ್ಬಬಹುದು, ಒಳಗಿನ ತಿರುಳು ಹೊರಬರಬಹುದು, ಸಾಬೂನಿನಂತೆ ಜಾರುವುದಿಲ್ಲ. ಹೊರಬಂದ ತಿರುಳನ್ನು ದೇಹವೇ ಕ್ರಮೇಣ ಕರಗಿಸಿಕೊಳ್ಳುವುದೂ ಉಂಟು. ಇನ್ನು ಉಬ್ಬಿನ ಮಾತು: 1994ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 98 ಜನರನ್ನು ಎಂಆರ್‌ಐ ಮಾಡಿ ನೋಡಿದರೆ 52% ಮಂದಿಗೆ ಒಂದಾದರೂ ಡಿಸ್ಕು ಉಬ್ಬಿತ್ತು. ತಲೆಗೂದಲು ನರೆಯುವ ಹಾಗೆ ಇದೂ ಬಹುಪಾಲು ವಯಸ್ಸಿನ ಗುರುತು. ವರದಿಯ ಕೊನೆಗೆ ಈ ಒಂದು ಸಾಲು ಅಚ್ಚು ಹಾಕಿದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತಿತ್ತು.

ಕೊನೆಗೆ ಫಿಸಿಯೋಥೆರಪಿ ಹುಡುಗಿ ಮಾಡಿಸಿದ್ದು ತೀರಾ ಸಣ್ಣದು. ಕುರ್ಚಿಯಲ್ಲಿ ಕೂತು ಮುಂದಿನ ಸ್ಟೂಲು ಮುಟ್ಟಬೇಕು. ಅದು ರೂಢಿಯಾದ ಮೇಲೆ ಮಣೆ, ಆಮೇಲೆ ನೆಲ. ಜೊತೆಗೆ ಹತ್ತು ನಿಮಿಷ ನಡಿಗೆ. ಮೊದಲ ವಾರ ನೋವು ಹೆಚ್ಚಿತು. ‘ನೋಡು, ನಾನು ಹೇಳಲಿಲ್ವಾ’ ಎಂದು ದೊಡ್ಡಮ್ಮ ಗೆದ್ದವರಂತೆ ಹಾಸಿಗೆ ಹಿಡಿಯಲು ಹೊರಟರು. ‘ಸ್ವಲ್ಪ ನೋವು ಬರ್ಲಿ ಅಮ್ಮ, ನಾಳೆ ಹೊತ್ತಿಗೆ ಇಳಿದ್ರೆ ಸರಿ, ಇಳೀದಿದ್ರೆ ಲೆಕ್ಕ ಕಮ್ಮಿ ಮಾಡೋಣ’ ಎಂದಳು ಆಕೆ. ನೋವಿಲ್ಲದ ದಿನ ಮನೆಯೆಲ್ಲ ಗುಡಿಸಿ ಒರೆಸಿ, ಮರುದಿನ ಮಲಗುವ ಚಟಕ್ಕೂ ಅವಳೇ ಕಡಿವಾಣ ಹಾಕಿದಳು.

ಯೋಗವೋ ಈಜೋ ಜಿಮ್ಮೋ ಎಂದು ಕೇಳುವವರಿದ್ದಾರೆ. ಎಲ್ಲವನ್ನೂ ಮೀರಿಸಿದ್ದು ಎಂಬಂಥ ಒಂದು ವ್ಯಾಯಾಮ ಇಲ್ಲ. ಬಿಡದೆ ಮಾಡುವಂಥದ್ದು ಸಾಕು. ಆಸ್ಟ್ರೇಲಿಯಾದಲ್ಲಿ ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರಳಲು ಸುಮಾರು 208 ದಿನ ಹಿಡಿದರೆ, ಉಳಿದವರಿಗೆ 112 ದಿನ.

ಆದರೆ ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ತೊಡೆಸಂದಿ ಮರಗಟ್ಟುವುದು, ಕಾಲು ಬಲ ಕಳೆದುಕೊಳ್ಳುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನೋವಿನ ಜೊತೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದ ಮೇಲೆ ನೋವು ಶುರುವಾದರೆ, ಹಿಂದೆ ಕ್ಯಾನ್ಸರ್ ಇದ್ದರೆ ಮೊದಲು ವೈದ್ಯರು ನೋಡಲಿ, ನಡಿಗೆ ಆಮೇಲೆ.