ಒಂದು ಸಾಧನ, ಮೂವರು ಯಜಮಾನರು

ಅಂಗೈಯಗಲದ ಒಂದು ಪೆಟ್ಟಿಗೆ. ಮುಂಬದಿಯಲ್ಲಿ ಮೈಕ್ರೋಫೋನಿಗೂ ಹೆಡ್‌ಫೋನಿಗೂ ಒಂದೊಂದು ರಂಧ್ರ. ಹಿಂಬದಿಯಿಂದ ಕಂಪ್ಯೂಟರಿಗೆ ಹೋಗುವ ಯು.ಎಸ್.ಬಿ. ತಂತಿ. ಮನೆಯಲ್ಲಿಯೇ ಹಾಡು ಮುದ್ರಿಸಿಕೊಳ್ಳುವವರಿಗೂ, ದೂರದ ಶಿಷ್ಯರಿಗೆ ಸಂಗೀತಪಾಠ ಹೇಳುವವರಿಗೂ ಇಂಥ ಆಡಿಯೊ ಸಾಧನ ಇಂದು ಪರಿಚಿತವೇ. ಅದನ್ನು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೂ, ಮ್ಯಾಕಿಗೆ ಸಿಕ್ಕಿಸಿದರೂ, ಲಿನಕ್ಸ್ ನಡೆಸುವ ಯಂತ್ರಕ್ಕೆ ಸಿಕ್ಕಿಸಿದರೂ ಒಂದೇ ತೆರನಾಗಿ ನುಡಿಯಬೇಕೆಂಬುದು ಹಣ ಕೊಟ್ಟವರ ಸಹಜವಾದ ಅಪೇಕ್ಷೆ. ಆದರೆ ಈ ಮೂರು ಕಾರ್ಯಾಚರಣ ವ್ಯವಸ್ಥೆಗಳ ಸ್ವಭಾವವೂ ಬೇರೆ ಬೇರೆ. ಮೂವರನ್ನೂ ಒಲಿಸಿಕೊಳ್ಳುವ ಹೊಣೆ ಪೆಟ್ಟಿಗೆಯೊಳಗಿನ ಚಿಪ್‌ನಲ್ಲಿ ಅಡಗಿ ಕುಳಿತ ‘ಫರ್ಮ್‌ವೇರ್’ ಎಂಬ ಸಣ್ಣ ಪ್ರೋಗ್ರಾಮಿನದು.

ಪರಿಚಯಪತ್ರ

ಯು.ಎಸ್.ಬಿ.ಯ ಮೊದಲ ನಿಯಮಾವಳಿ ೧೯೯೬ರ ಜನವರಿಯಲ್ಲಿ ಹೊರಬಂದಿತು. ಅದನ್ನು ರೂಪಿಸುವಲ್ಲಿ ಮುಖ್ಯಪಾತ್ರ ವಹಿಸಿದ ಇಂಟೆಲ್ ಸಂಸ್ಥೆಯ ಅಜಯ್ ಭಟ್ಟರು ಬರೋಡೆಯಲ್ಲಿ ಎಂಜಿನಿಯರಿಂಗ್ ಓದಿದವರು. ಈ ಏರ್ಪಾಟಿನಲ್ಲಿ ಕಂಪ್ಯೂಟರೇ ಯಜಮಾನ. ಸಾಧನ ತಾನಾಗಿ ಬಾಯಿ ತೆರೆಯುವಂತಿಲ್ಲ. ಕೇಳಿದರೆ ಮಾತ್ರ ಉತ್ತರ. ತಂತಿ ಸಿಕ್ಕಿಸಿದೊಡನೆಯೇ ಯಜಮಾನನು ‘ನೀನಾರು?’ ಎಂದು ವಿಚಾರಿಸುತ್ತಾನೆ. ಸಾಧನವು ‘ಡಿಸ್ಕ್ರಿಪ್ಟರ್’ ಎಂಬ ಅಂಕಿಗಳ ಪಟ್ಟಿಯೊಂದನ್ನು ಒಪ್ಪಿಸುತ್ತದೆ. ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ, ಧ್ವನಿಮಾರ್ಗಗಳೆಷ್ಟು, ಸೆಕೆಂಡಿಗೆ ಎಷ್ಟು ಸ್ಯಾಂಪಲ್, ಧ್ವನಿಯನ್ನು ಏರಿಸಿ ಇಳಿಸಲು ಸಾಧ್ಯವೆ—ಎಲ್ಲವೂ ಅದರಲ್ಲಿ ಉಂಟು.

೧೯೯೮ರಲ್ಲಿ ಆಡಿಯೊ ಸಾಧನಗಳಿಗೆಂದೇ ಒಂದು ಸಮಾನ ನಿಯಮಾವಳಿ ಏರ್ಪಟ್ಟಿತು. ‘ನಾನು ಆ ವರ್ಗದವನು’ ಎಂದು ಸಾಧನ ಹೇಳಿಕೊಂಡರೆ ಸಾಕು. ವ್ಯವಸ್ಥೆಯಲ್ಲಿ ಮೊದಲೇ ಇರುವ ಡ್ರೈವರ್ ಅದನ್ನು ಬರಮಾಡಿಕೊಳ್ಳುತ್ತದೆ. ತಯಾರಕರ ಬೇರೊಂದು ಡ್ರೈವರಿನ ಹಂಗಿಲ್ಲ.

ಹೊಸ ನಿಯಮ, ತಡವಾದ ಸ್ವಾಗತ

ಆದರೆ ಮೊದಲ ನಿಯಮಾವಳಿಗೆ ಒಂದು ಮಿತಿಯಿತ್ತು. ಅದು ನೆಚ್ಚಿಕೊಂಡಿದ್ದುದು ಸೆಕೆಂಡಿಗೆ ೧೨ ಮೆಗಾಬಿಟ್ ಸಾಗಿಸುವ ಹಳೆಯ ವೇಗವನ್ನು. ಆ ವೇಗದಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಒಂದು ಪೊಟ್ಟಣ. ಒಂದು ಪೊಟ್ಟಣದಲ್ಲಿ ಹೆಚ್ಚೆಂದರೆ ೧೦೨೩ ಬೈಟ್. ಸೆಕೆಂಡಿಗೆ ೧,೯೨,೦೦೦ ಸ್ಯಾಂಪಲ್‌ಗಳ, ೨೪ ಬಿಟ್‌ಗಳ ಸ್ಟೀರಿಯೊ ಧ್ವನಿಗೆ ಪೊಟ್ಟಣವೊಂದಕ್ಕೆ ೧೧೫೨ ಬೈಟ್ ಬೇಕು. ಸೇರಿನಲ್ಲಿ ಸವಾಸೇರು ಹಿಡಿಸೀತೆ? ಆದುದರಿಂದ ೪೮೦ ಮೆಗಾಬಿಟ್ ವೇಗವನ್ನು ಬಳಸಿಕೊಳ್ಳುವ ಎರಡನೆಯ ನಿಯಮಾವಳಿ ೨೦೦೬ರಲ್ಲಿ ಬಂದಿತು.

ಮ್ಯಾಕ್ ಮತ್ತು ಲಿನಕ್ಸ್ ಅದನ್ನು ೨೦೧೦ರಲ್ಲಿ ಅಂಗೀಕರಿಸಿದವು. ವಿಂಡೋಸ್ ತನ್ನದೇ ಡ್ರೈವರ್ ಒದಗಿಸಿದ್ದು ೨೦೧೭ರಲ್ಲಿ. ನಡುವಿನ ಆ ವರ್ಷಗಳಲ್ಲಿ ವಿಂಡೋಸ್ ಬಳಸುವವರು ತಯಾರಕರ ಡ್ರೈವರನ್ನೇ ನಂಬಬೇಕಾಗಿತ್ತು. ಇಂಥ ನಂಬಿಕೆಯಲ್ಲಿ ಅಪಾಯವುಂಟು. ತಯಾರಕರು ಅಂಗಡಿ ಮುಚ್ಚಿದರೆ, ಅಥವಾ ಹಳೆಯ ಮಾದರಿಯನ್ನು ಮರೆತರೆ, ವ್ಯವಸ್ಥೆಯ ಹೊಸ ಆವೃತ್ತಿ ಬಂದ ದಿನ ಸಾಧನ ಮೂಕವಾಗಬಹುದು. ಒಳಗಿನ ಒಂದು ಬೆಸುಗೆಯೂ ಕೆಟ್ಟಿರುವುದಿಲ್ಲ. ಆದರೂ ಅದು ಮೂಲೆಗೆ ಬೀಳುತ್ತದೆ. ಇದನ್ನರಿತ ಫರ್ಮ್‌ವೇರ್ ರಚನಕಾರರು ಕೆಲವು ಸಾಧನಗಳಲ್ಲಿ ಎರಡು ಪರಿಚಯಪತ್ರಗಳನ್ನೂ ಇರಿಸಿದರು. ಹೊಸ ನಿಯಮವನ್ನರಿಯದ ಯಜಮಾನನ ಮುಂದೆ ಹಳೆಯದನ್ನು ಹಿಡಿಯಲು ಒಂದು ಗುಂಡಿಯನ್ನಿಟ್ಟರು.

ಎರಡು ಗಡಿಯಾರಗಳ ಜಗಳ

ಪರಿಚಯ ಮುಗಿದರೆ ಕೆಲಸ ಮುಗಿಯಲಿಲ್ಲ. ಸಿ.ಡಿ.ಯ ಧ್ವನಿಗೆ ಸೆಕೆಂಡಿಗೆ ೪೪,೧೦೦ ಸ್ಯಾಂಪಲ್. ಎಂದರೆ ಪೊಟ್ಟಣವೊಂದಕ್ಕೆ ೪೪.೧. ಸ್ಯಾಂಪಲನ್ನು ತುಂಡರಿಸುವಂತಿಲ್ಲ. ಒಂಬತ್ತು ಪೊಟ್ಟಣಗಳಲ್ಲಿ ೪೪ರಂತೆ, ಹತ್ತನೆಯದರಲ್ಲಿ ೪೫ ಇಟ್ಟು ಲೆಕ್ಕ ಸರಿದೂಗಿಸಬೇಕು.

ಇದಕ್ಕಿಂತ ತೊಡಕಿನದು ಇನ್ನೊಂದು. ಕಂಪ್ಯೂಟರಿಗೆ ಅದರದೇ ಗಡಿಯಾರ, ಸಾಧನಕ್ಕೆ ತನ್ನದೇ ಗಡಿಯಾರ. ಇವೆರಡರ ನಡುವೆ ಹತ್ತು ಲಕ್ಷಕ್ಕೆ ಬರಿಯ ಐವತ್ತರಷ್ಟು ಅಂತರವಿದ್ದರೂ, ಸೆಕೆಂಡಿಗೆ ಎರಡಕ್ಕೂ ಹೆಚ್ಚು ಸ್ಯಾಂಪಲ್ ಮಿಗುತ್ತದೆ ಅಥವಾ ಕೊರೆಯಾಗುತ್ತದೆ. ಕೆಲವು ನಿಮಿಷಗಳಲ್ಲಿ ಸಾಧನದ ಚಿಕ್ಕ ಉಗ್ರಾಣ ತುಂಬಿ ತುಳುಕುತ್ತದೆ, ಇಲ್ಲವೆ ಬರಿದಾಗುತ್ತದೆ. ಆಲಾಪನೆಯ ನಡುವೆ ‘ಟಕ್’ ಎಂಬ ಅಪಸ್ವರ ಕೇಳುವುದು ಆಗಲೇ. ಪರಿಹಾರವೆಂದರೆ, ‘ಇಷ್ಟು ವೇಗದಲ್ಲಿ ಕಳಿಸು’ ಎಂದು ಸಾಧನವು ಯಜಮಾನನಿಗೆ ಆಗಾಗ್ಗೆ ಒಂದು ಸಂಖ್ಯೆಯನ್ನು ತಿಳಿಸುವುದು. ನಿಯಮದಂತೆ ಆ ಸಂಖ್ಯೆ ಹಳೆಯ ವೇಗದಲ್ಲಿ ಮೂರು ಬೈಟ್, ಹೊಸ ವೇಗದಲ್ಲಿ ನಾಲ್ಕು. ದಶಾಂಶದ ಜಾಗವೂ ಬೇರೆ. ಲಿನಕ್ಸ್ ಬಂದ ಸಂಖ್ಯೆಯ ಗಾತ್ರ ನೋಡಿ ರೂಪವನ್ನು ತಾನೇ ಊಹಿಸಿಕೊಳ್ಳುತ್ತದೆ. ಎಲ್ಲ ಯಜಮಾನರೂ ಅಷ್ಟು ಉದಾರಿಗಳೆಂದು ನಂಬಿ ಬರೆಯುವಂತಿಲ್ಲ.

ನೆನಪು ಮತ್ತು ದಫ್ತರ

ವಿಂಡೋಸಿಗೆ ನೆನಪು ಬಲ. ಒಮ್ಮೆ ಕಂಡ ಸಾಧನದ ಕೆಲವು ವಿವರಗಳನ್ನು ಅದರ ಸಂಖ್ಯೆಗಳೊಡನೆ ಬರೆದಿಟ್ಟುಕೊಳ್ಳುತ್ತದೆ. ರಚನಕಾರನು ಪರಿಚಯಪತ್ರವನ್ನು ತಿದ್ದಿ ಆವೃತ್ತಿಯ ಸಂಖ್ಯೆಯನ್ನು ಬದಲಿಸದಿದ್ದರೆ, ಹಳೆಯ ಬರಹವೇ ಮುಂದೆ ಬಂದು ಅವನನ್ನು ದಿನಗಟ್ಟಲೆ ದಾರಿ ತಪ್ಪಿಸಬಹುದು. ಲಿನಕ್ಸಿನದು ಬೇರೊಂದು ಬಗೆ. ನಿಯಮ ತಪ್ಪಿದ ಸಾಧನಗಳನ್ನು ಸಂಖ್ಯೆಸಮೇತ ಹೆಸರಿಸಿ, ಅವುಗಳ ಕೊರತೆಗೆ ತಕ್ಕ ವಿನಾಯಿತಿಯನ್ನು ಅದರ ಆಡಿಯೊ ಡ್ರೈವರಿನಲ್ಲಿಯೇ ಬರೆದಿಡಲಾಗಿದೆ. ಒಂದು ಬಗೆಯಲ್ಲಿ ಅದು ತಪ್ಪಿತಸ್ಥರ ದಫ್ತರವೇ ಸರಿ.

ಒಬ್ಬ ಯಜಮಾನ ಕ್ಷಮಿಸಿದ ತಪ್ಪನ್ನು ಇನ್ನೊಬ್ಬ ಕ್ಷಮಿಸಲಾರ. ಆದುದರಿಂದ ಬಲ್ಲ ರಚನಕಾರರು ‘ನನ್ನ ಮೇಜಿನ ಮೇಲೆ ನಡೆಯುತ್ತದೆ’ ಎಂಬುದಕ್ಕೆ ತೃಪ್ತರಾಗುವುದಿಲ್ಲ. ನಿಯಮವನ್ನು ಅಕ್ಷರಶಃ ಪಾಲಿಸಿ, ಮೂರು ವ್ಯವಸ್ಥೆಗಳಲ್ಲಿಯೂ, ಅವುಗಳ ಹಳೆಯ ಹೊಸ ಆವೃತ್ತಿಗಳಲ್ಲಿಯೂ ಗಂಟೆಗಟ್ಟಲೆ ನುಡಿಸಿ ನೋಡುತ್ತಾರೆ. ಕೊಳ್ಳುವವರಿಗೂ ಇದರಿಂದ ಒಂದು ವಿವೇಕ ದೊರೆಯುತ್ತದೆ. ಪೆಟ್ಟಿಗೆಯ ಹೊಳಪಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ‘ಬೇರೆ ಡ್ರೈವರ್ ಇಲ್ಲದೆಯೇ ಇದು ನಡೆಯುತ್ತದೆಯೆ?’ ಹೌದೆಂಬ ಉತ್ತರ ಬಂದರೆ, ಆ ಸಾಧನ ತನ್ನ ತಯಾರಕರಿಗಿಂತಲೂ ಹೆಚ್ಚು ಕಾಲ ಹಾಡೀತು.