ಮೂಗಿಲ್ಲದ ಯೀಸ್ಟ್ ಜೋಡಿ ಹುಡುಕುವ ಬಗೆ

ಕೃಷಿ ಮಹಾವಿದ್ಯಾಲಯವಿರುವ ಭೀಮರಾಯನಗುಡಿಯ ಸುತ್ತ, ಶಹಾಪುರ–ಸುರಪುರದ ಹತ್ತಿ ರೈತರಿಗೆ ಮೋಹಕ ಬಲೆಯ ವಿಷಯ ಹೊಸದಲ್ಲ. ಗುಲಾಬಿ ಕಾಯಿಕೊರಕದ ಹೆಣ್ಣು ಪತಂಗ ಸೂಸುವ ವಾಸನೆಯನ್ನು ಅದರೊಳಗೆ ಇಟ್ಟಿರುತ್ತಾರೆ. ಗಂಡು ಬಂದು ಬೀಳುತ್ತದೆ. ಸತತ ಮೂರು ರಾತ್ರಿ ಬಲೆಗೆ ಎಂಟೆಂಟು ಪತಂಗ ಬಿದ್ದರೆ ಔಷಧಿ ಹೊಡೆಯುವ ಹೊತ್ತು ಬಂತೆಂದು ಲೆಕ್ಕ. ಇಂಥ ವಾಸನೆಯೇ ಫೆರೊಮೋನ್.

ಪತಂಗಕ್ಕೆ ಮೀಸೆಯಿದೆ, ಮಿದುಳಿದೆ, ರೆಕ್ಕೆಯಿದೆ. ಇದ್ಯಾವುದೂ ಇಲ್ಲದ ಯೀಸ್ಟ್ ಕೂಡ ಫೆರೊಮೋನ್ ಜಾಡು ಹಿಡಿದೇ ಜೋಡಿ ಹುಡುಕುತ್ತದೆ. ನನಗೆ ಇದೇ ಹೆಚ್ಚಿನ ಬೆರಗು.

ಬ್ರೆಡ್ಡಿನ ಹಿಟ್ಟು ಉಬ್ಬಿಸುವ, ಈಚಲ ರಸವನ್ನು ಸೇಂದಿಯಾಗಿಸುವ ಈ ಜೀವಿ ಒಂದೇ ಕೋಶದ್ದು. ಅಗಲ ಸುಮಾರು 5 ಮೈಕ್ರಾನ್; 200 ಕೋಶ ಸಾಲಾಗಿ ಕೂತರೆ 1 ಮಿಲಿಮೀಟರ್. ಗಂಡು ಹೆಣ್ಣೆಂಬ ಭೇದವಿಲ್ಲ, ‘ಎ’ ಮತ್ತು ‘ಆಲ್ಫಾ’ ಎಂಬ ಎರಡು ಬಗೆಗಳಿವೆ. ಆಲ್ಫಾ ಕೋಶ 13 ಅಮೈನೊ ಆಮ್ಲಗಳ ಪುಟ್ಟ ಸರಪಳಿಯನ್ನು ಹೊರಬಿಡುತ್ತದೆ. ಎ ಕೋಶ 12 ಅಮೈನೊ ಆಮ್ಲಗಳ, ಜಿಡ್ಡಿನ ಬಾಲವಿರುವ ಇನ್ನೊಂದನ್ನು. ಒಂದರ ಫೆರೊಮೋನ್ ಹಿಡಿಯುವ ಗ್ರಾಹಕ ಇನ್ನೊಂದರ ಮೈಮೇಲಿರುತ್ತದೆ.

ಫೆರೊಮೋನ್ ತಗುಲಿದ ಕೂಡಲೇ ಗ್ರಾಹಕ ಒಳಗಿನ ಜಿ ಪ್ರೋಟೀನನ್ನು ಎಬ್ಬಿಸುತ್ತದೆ. ಸುದ್ದಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಕೋಶಕೇಂದ್ರ ಮುಟ್ಟುತ್ತದೆ. ಮೊದಲು ಕೋಶ ವಿಭಜನೆ ನಿಲ್ಲುತ್ತದೆ, ಅದೂ ಡಿಎನ್‌ಎ ನಕಲಾಗುವ ಮುನ್ನ. ನಕಲಾದ ಮೇಲೆ ಕೂಡಿದರೆ ವರ್ಣತಂತುಗಳ ಲೆಕ್ಕ ತಪ್ಪುತ್ತದೆ. ಆಮೇಲೆ, ದುಂಡಗಿದ್ದ ಕೋಶ ಫೆರೊಮೋನ್ ದಟ್ಟವಾಗಿರುವ ದಿಕ್ಕಿಗೆ ಮೂತಿ ಚಾಚುತ್ತದೆ. ಸೂಕ್ಷ್ಮದರ್ಶಕದಡಿ ಕೊಕ್ಕಿರುವ ಮಾವಿನಕಾಯಿಯಂತೆ ಕಾಣುತ್ತದೆ. ಯೀಸ್ಟ್ ನಡೆಯಲಾರದು, ಬೆಳೆದೇ ತಲುಪಬೇಕು.

ಇನ್ನೂ ಒಂದು ಸೊಗಸಿದೆ. ಎ ಕೋಶ, ತನ್ನನ್ನು ಕರೆಯುತ್ತಿರುವ ಆಲ್ಫಾ ಫೆರೊಮೋನನ್ನೇ ಕತ್ತರಿಸುವ ಕಿಣ್ವವೊಂದನ್ನು ಸುತ್ತಲೂ ಬಿಡುತ್ತದೆ. ಏಕೆ? ಫೆರೊಮೋನ್ ಎಲ್ಲೆಡೆ ಸಮನಾಗಿ ತುಂಬಿಕೊಂಡರೆ ದಿಕ್ಕೇ ತಿಳಿಯದು. ಹೆಚ್ಚಾದದ್ದು ಕಳೆದರೆ, ಅದು ಯಾವ ಕಡೆಯಿಂದ ಬರುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಕೊನೆಗೆ ಮೂತಿಗಳು ತಾಗಿದಲ್ಲಿ ಕೋಶಭಿತ್ತಿ ಕರಗಿ, ಕೋಶಕೇಂದ್ರಗಳೂ ಬೆರೆತು ಎರಡು ಕೋಶ ಒಂದಾಗುತ್ತವೆ.

ಈ ಗ್ರಾಹಕ ಕೋಶಪೊರೆಯನ್ನು ಏಳು ಬಾರಿ ಹಾಯ್ದು ನಿಂತ ಪ್ರೋಟೀನ್. ನಮ್ಮ ಮೂಗು ವಾಸನೆ ಹಿಡಿಯುವುದೂ, ಕಣ್ಣು ಬೆಳಕು ಹಿಡಿಯುವುದೂ ಇದೇ ಬಗೆಯ ಗ್ರಾಹಕಗಳಿಂದ. ಪತಂಗದ ಮೀಸೆಯ ಗ್ರಾಹಕ ಬೇರೆಯೇ ಕುಲದ್ದು. ಈ ಮಟ್ಟಿಗೆ ನಮಗೆ ಪತಂಗಕ್ಕಿಂತ ಯೀಸ್ಟೇ ಹತ್ತಿರದ ನೆಂಟ.

1990ರಲ್ಲಿ ಅಮೆರಿಕದ ರಾಬರ್ಟ್ ಲೆಫ್ಕೋವಿಟ್ಜ್ ಮತ್ತು ಸಂಗಡಿಗರು ಮನುಷ್ಯನ ಅಡ್ರಿನಲಿನ್ ಗ್ರಾಹಕವನ್ನು, ಸಸ್ತನಿಯ ಜಿ ಪ್ರೋಟೀನಿನ ಒಂದು ಭಾಗದೊಂದಿಗೆ ಯೀಸ್ಟ್‌ನಲ್ಲಿ ಕೂರಿಸಿದರು. ಅಡ್ರಿನಲಿನ್‌ನಂಥ ಔಷಧಿ ಕೊಟ್ಟಾಗ, ಯೀಸ್ಟ್ ಫೆರೊಮೋನ್ ಸಿಕ್ಕಿದಂತೆ ಸ್ಪಂದಿಸಿತು. ಇಂಥ ಗ್ರಾಹಕಗಳ ಅಧ್ಯಯನಕ್ಕಾಗಿ 2012ರಲ್ಲಿ ಅವರಿಗೂ ಬ್ರಯಾನ್ ಕೋಬಿಲ್ಕಾ ಅವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಇಂದು ವೈದ್ಯರು ಬರೆದುಕೊಡುವ ಔಷಧಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕೆಲಸ ಮಾಡುವುದು ಇದೇ ಕುಲದ ಗ್ರಾಹಕಗಳ ಮೇಲೆ.